ಅಡಗಿಕೊಳ್ಳಲು ಅವನಿಗೆ ಪುರುಸೊತ್ತೇ ಇರಲಿಲ್ಲ

ಭುಜಕ್ಕಿಳಿದ ಬಿಳಿಗೂದಲು, ಕಣ್ಣು ಕುಕ್ಕುವ ಬಣ್ಣದ ಟ್ರ್ಯಾಕ್‌ಸೂಟು, ಬೆರಳಲ್ಲಿ ದಪ್ಪ ಉಂಗುರ, ಕೊರಳಲ್ಲಿ ಚಿನ್ನದ ಸರ, ಬಾಯಲ್ಲಿ ಗೇಣುದ್ದದ ಸಿಗಾರು. ಈ ಅವತಾರದಲ್ಲಿ ಜಿಮ್ಮಿ ಸ್ಯಾವಿಲ್ ಎಂಬ ಟಿವಿ ನಿರೂಪಕ, ಲೈಂಗಿಕ ದೌರ್ಜನ್ಯ ನಡೆಸುತ್ತಲೇ, ಅರ್ಧ ಶತಮಾನ ಅಡಗಿಕೊಂಡಿದ್ದ ಎಂದು ಬ್ರಿಟನ್ನಿನ ಪೊಲೀಸರು 2013ರ ಜನವರಿಯಲ್ಲಿ ವರದಿ ಕೊಟ್ಟರು. ಎಲ್ಲಿ ಅಡಗಿದ್ದ? ಎಲ್ಲರ ಕಣ್ಣೆದುರಿಗೇ. ಓದಿದವರಿಗೆ ಅವನ ಮೇಲೆ ಸಿಟ್ಟಿಗಿಂತ ಮೊದಲು ಅವನ ಕಸುಬುಗಾರಿಕೆಯ ಬಗ್ಗೆ ಬೆರಗು ಹುಟ್ಟಬೇಕು, ಹಾಗಿದೆ ಆ ಮಾತು. ಮಾಯಾವಿಯೊಬ್ಬ ಇಡೀ ದೇಶದ ಕಣ್ಣಿಗೆ ಮಂಕುಬೂದಿ ಎರಚಿದ, ಪಾಪ ದೇಶ ಏನು ಮಾಡೀತು!

ಜಿಮ್ಮಿ ಸ್ಯಾವಿಲ್ ಮಾಡಿದ ಕೆಲಸಗಳ ಪಟ್ಟಿ ನೋಡಿದರೆ ಅವನಿಗೆ ಅಡಗಿಕೊಳ್ಳಲು ಸಮಯ ಎಲ್ಲಿತ್ತು ಎಂಬುದೇ ನನಗೆ ತಿಳಿಯದು. ಬಿಬಿಸಿಯ ಹೆಸರಾಂತ ಪಾಪ್ ಸಂಗೀತ ಕಾರ್ಯಕ್ರಮದ ಮೊದಲ ಸಂಚಿಕೆಯನ್ನು 1964ರ ಜನವರಿ 1ರಂದು ನಡೆಸಿಕೊಟ್ಟವನು ಅವನು. 2006ರಲ್ಲಿ ಅದರ ಕೊನೆಯ ಸಂಚಿಕೆ ಮುಗಿದಾಗ ಸ್ಟುಡಿಯೋದ ದೀಪ ಆರಿಸಿದವನೂ ಅವನೇ. ನಡುವೆ 1975ರಿಂದ 1994ರವರೆಗೆ ಮಕ್ಕಳ ಪತ್ರ ಓದಿ ಅವರ ಆಸೆಗಳನ್ನು ಈಡೇರಿಸುವ ಕಾರ್ಯಕ್ರಮ. ಸೀಟ್ ಬೆಲ್ಟ್ ಹಾಕಿಕೊಳ್ಳಿ, ಜೀವ ಉಳಿಸಿಕೊಳ್ಳಿ ಎಂದು ನಾಡಿಗೆ ಬುದ್ಧಿ ಹೇಳಿದವನೂ ಅವನೇ. ಮ್ಯಾರಥಾನ್ ಓಡಿದ, ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿದ, ರಾಜಮನೆತನದವರ ಕೈ ಕುಲುಕಿದ. 2011ರಲ್ಲಿ ಸತ್ತಾಗ ಚಿನ್ನದ ಬಣ್ಣದ ಶವಪೆಟ್ಟಿಗೆಯನ್ನು ಲೀಡ್ಸ್ ನಗರದ ಹೋಟೆಲೊಂದರಲ್ಲಿ ದರ್ಶನಕ್ಕೆ ಇಟ್ಟರು.

ವರ್ಷ ತುಂಬುವುದರೊಳಗೆ ಐಟಿವಿ ಎಂಬ ಚಾನೆಲ್ಲಿನಲ್ಲಿ ಅವನ ದೌರ್ಜನ್ಯಗಳ ಕುರಿತು ಒಂದು ಸಾಕ್ಷ್ಯಚಿತ್ರ ಬಂತು. ಅದರ ಬೆನ್ನಿಗೆ ಸುಮಾರು 450 ಜನ ಅವನ ವಿರುದ್ಧ ಹೇಳಲು ಮುಂದೆ ಬಂದರು. ಪೊಲೀಸರು 214 ಅಪರಾಧಗಳನ್ನು ದಾಖಲಿಸಿಕೊಂಡರು. ಮೊದಲನೆಯದು 1955ರದ್ದು, ಕೊನೆಯದು 2009ರದ್ದು. ಬಲಿಯಾದವರಲ್ಲಿ ಅತಿ ಕಿರಿಯ ಮಗುವಿಗೆ ಎಂಟು ವರ್ಷ.

ಸ್ಯಾವಿಲ್ ಅಡಗಿರಲಿಲ್ಲ. ಅಡಗಿಸುವ ಕೆಲಸವನ್ನು ಆತ ಗುತ್ತಿಗೆಗೆ ಕೊಟ್ಟಿದ್ದ. ಗುತ್ತಿಗೆದಾರರು ಹಣ ಕೂಡ ಕೇಳಲಿಲ್ಲ.

1974ರಲ್ಲಿ ಅವನು ಆತ್ಮಕಥೆ ಬರೆದ. ಕಳ್ಳನೊಬ್ಬ ತನ್ನ ಕಳ್ಳತನದ ವಿವರಗಳನ್ನು ಅಚ್ಚು ಹಾಕಿಸಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟದ್ದು ಎಲ್ಲಾದರೂ ಉಂಟೇ? ಇಲ್ಲಿ ಉಂಟು. ಸುಧಾರಣಾಲಯದಿಂದ ಓಡಿಹೋದ ಹುಡುಗಿಯೊಬ್ಬಳ ಫೋಟೋ ಹಿಡಿದು ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಅವನು ನೋಡಿಕೊಳ್ಳುತ್ತಿದ್ದ ಡಾನ್ಸ್ ಹಾಲಿಗೆ ಬಂದರಂತೆ. ಅವಳೇನಾದರೂ ಇಲ್ಲಿಗೆ ಬಂದರೆ ಬೆಳಿಗ್ಗೆ ನಿಮಗೆ ಒಪ್ಪಿಸುತ್ತೇನೆ, ಆದರೆ ರಾತ್ರಿ ನನ್ನ ಬಳಿ ಇರುತ್ತಾಳೆ, ಅದು ನನ್ನ ಇನಾಮು ಎಂದನಂತೆ. ಹುಡುಗಿ ಬಂದಳು, ಅವನು ಹೇಳಿದಂತೆಯೇ ಆಯಿತು. ಆ ಅಧಿಕಾರಿ ಮೊಕದ್ದಮೆ ಹೂಡಲು ಹೊರಟಾಗ ಸಹೋದ್ಯೋಗಿಗಳೇ ತಡೆದರಂತೆ. ಇವನು ಒಳಗೆ ಹೋದರೆ ಅರ್ಧ ಠಾಣೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತಂತೆ. ಈ ‘ಅಂತೆ’ಗಳೆಲ್ಲ ನನ್ನವಲ್ಲ, ಅವನೇ ಬರೆದ ಪುಸ್ತಕದವು. ಅದನ್ನು ಯಾರೋ ಬೆರಳಚ್ಚು ಮಾಡಿದ್ದಾರೆ, ಯಾರೋ ಕರಡು ತಿದ್ದಿದ್ದಾರೆ, ಅಲ್ಪವಿರಾಮ ಸರಿಯಾದ ಜಾಗದಲ್ಲಿದೆಯೇ ಎಂದು ಕಣ್ಣಿಟ್ಟು ನೋಡಿದ್ದಾರೆ. ಯಾವ ಠಾಣೆಯವರೂ ಆ ಪುಟ ಹಿಡಿದು ಅವನ ಮನೆಯ ಬಾಗಿಲು ತಟ್ಟಲಿಲ್ಲ.

ಹಾಗೆಂದು ಪೊಲೀಸರು ಅವನ ಮನೆಗೆ ಹೋಗುತ್ತಲೇ ಇರಲಿಲ್ಲ ಎನ್ನುವುದು ತಪ್ಪಾದೀತು. ಲೀಡ್ಸ್‌ನ ಅವನ ಫ್ಲ್ಯಾಟಿನಲ್ಲಿ ಶುಕ್ರವಾರ ಬೆಳಿಗ್ಗೆ ಗೆಳೆಯರ ಕೂಟ ಸೇರುತ್ತಿತ್ತು, ಅಲ್ಲಿಗೆ ಪೊಲೀಸರೂ ಬರುತ್ತಿದ್ದರು. ಅತ್ತ 1963ರಷ್ಟು ಹಿಂದೆಯೇ ಚೆಷೈರ್‌ನಲ್ಲಿ ಒಬ್ಬ ಯುವಕ ತನ್ನ ಮೇಲೆ ಸ್ಯಾವಿಲ್ ಅತ್ಯಾಚಾರ ಮಾಡಿದನೆಂದು ಸ್ಥಳೀಯ ಪೊಲೀಸನಿಗೆ ಹೇಳಿದ್ದ. ಮರೆತುಬಿಡು, ಮುಂದೆ ಸಾಗು ಎಂಬ ಉಪದೇಶ ಸಿಕ್ಕಿತು. ತನ್ನ ಗೆಳತಿಗೆ ಸ್ಟುಡಿಯೋದಲ್ಲಿ ಆದದ್ದನ್ನು ಹೇಳಲು ಲಂಡನ್ನಿನ ಠಾಣೆಗೆ ಹೋದ ಮತ್ತೊಬ್ಬನಿಗೆ, ಇಂಥ ಆರೋಪ ಮಾಡಿದರೆ ನಿನ್ನನ್ನೇ ಬಂಧಿಸಬೇಕಾದೀತು ಎಂದರು. ಬಂಧಿಸಲು ಬರುವುದಿಲ್ಲ ಎಂದಲ್ಲ, ಯಾರನ್ನು ಎಂಬುದರಲ್ಲಿ ಸಣ್ಣ ಗೊಂದಲವಿತ್ತು.

2009ರಲ್ಲಿ ಕೊನೆಗೂ ಸರ್ರೆ ಪೊಲೀಸರು ಅವನನ್ನು ವಿಚಾರಣೆ ಮಾಡಿದರು. ಠಾಣೆಯಲ್ಲೇ? ಛೆ, ಎಲ್ಲಾದರೂ ಉಂಟೆ! ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿದ್ದ ಅವನದೇ ಕಚೇರಿಗೆ ಅವರು ಹೋದರು. ನನ್ನ ಬಳಿ ವಕೀಲರಿದ್ದಾರೆ, ಹಿಂದೆಯೂ ಮೊಕದ್ದಮೆ ಹೂಡಿದ್ದೇನೆ ಎಂದು ಆರೋಪಿಯೇ ಅವರಿಗೆ ಎಚ್ಚರಿಕೆ ಕೊಟ್ಟ. ದೂರಿನ ಕಥೆ ಇನ್ನೂ ಸೊಗಸು. ಹೆಂಗಸರು ನಾಲ್ವರಿದ್ದರು. ನಿನ್ನಂತೆಯೇ ಇನ್ನೂ ಮೂವರು ಹೇಳುತ್ತಿದ್ದಾರೆ ಎಂಬ ಒಂದು ಮಾತನ್ನು ಯಾರಿಗೂ ಹೇಳಲಿಲ್ಲ. ಪ್ರತಿಯೊಬ್ಬಳೂ ತಾನೊಬ್ಬಳೇ ಎಂದುಕೊಂಡು ನ್ಯಾಯಾಲಯಕ್ಕೆ ಬರಲು ಹಿಂಜರಿದಳು. ಅವರು ಹಿಂಜರಿದದ್ದರಿಂದ ಪ್ರಕರಣ ಬಿದ್ದುಹೋಯಿತು. ನಾಲ್ಕು ದೀಪ ಹಚ್ಚಿ ನಾಲ್ಕರ ಮೇಲೂ ಒಂದೊಂದು ಬುಟ್ಟಿ ಕವುಚಿ ಹಾಕಿ, ಕತ್ತಲೆ ಇದೆಯಲ್ಲ, ಏನು ಮಾಡೋಣ ಎಂದಂತೆ.

ಇನ್ನು ಬಿಬಿಸಿ. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಬಿಬಿಸಿಯ ಗೋಡೆಗಳಿಗೆ ಖಂಡಿತ ಇತ್ತು, ಬಿಬಿಸಿಗೆ ಇರಲಿಲ್ಲ. 2016ರಲ್ಲಿ ನಿವೃತ್ತ ನ್ಯಾಯಾಧೀಶೆ ಜಾನೆಟ್ ಸ್ಮಿತ್ ಕೊಟ್ಟ ವರದಿಯಂತೆ ಬಿಬಿಸಿಯ ಕೆಲಸದ ನಡುವೆಯೇ ಸ್ಯಾವಿಲ್‌ಗೆ ಬಲಿಯಾದವರು 72 ಮಂದಿ. ನೂರಕ್ಕೂ ಹೆಚ್ಚು ಜನ ಗಾಳಿಮಾತು ಕೇಳಿದ್ದೆವೆಂದು ಒಪ್ಪಿಕೊಂಡರು. ಆದರೆ ಸಂಸ್ಥೆಗೆ ಸಂಸ್ಥೆಯಾಗಿ ವಿಷಯ ತಿಳಿದಿರಲಿಲ್ಲ. ವೇದಾಂತಿಗಳಿಗೂ ಹೊಳೆಯದ ಸೂಕ್ಷ್ಮ ಇದು. ಮೆಟ್ಟಿಲಿಗೆ ಗೊತ್ತು, ಲಿಫ್ಟಿಗೆ ಗೊತ್ತು, ಕ್ಯಾಂಟೀನಿಗೆ ಗೊತ್ತು. ಕಟ್ಟಡಕ್ಕೆ ಮಾತ್ರ ಗೊತ್ತಿಲ್ಲ.

ಅವನು ಸತ್ತ ಮೇಲೆ ಅದೇ ಬಿಬಿಸಿಯ ಸುದ್ದಿ ವಿಭಾಗದ ಕೆಲವರು ಪ್ರಾಮಾಣಿಕವಾಗಿ ತನಿಖೆ ನಡೆಸಿದರು. ಅದೇ ಹೊತ್ತಿಗೆ ಕ್ರಿಸ್‌ಮಸ್‌ಗೆಂದು ಸ್ಯಾವಿಲ್‌ಗೆ ಶ್ರದ್ಧಾಂಜಲಿ ಕಾರ್ಯಕ್ರಮಗಳೂ ತಯಾರಾಗುತ್ತಿದ್ದವು. ಸುದ್ದಿ ವಿಭಾಗದ ಮುಖ್ಯಸ್ಥೆ ಒಂದು ಪ್ರಶಸ್ತಿ ಸಮಾರಂಭದ ಊಟದ ಹೊತ್ತಿನಲ್ಲಿ ಟಿವಿ ವಿಭಾಗದ ಮುಖ್ಯಸ್ಥ ಜಾರ್ಜ್ ಎಂಟ್ವಿಸಲ್ ಅವರಿಗೆ ಹೀಗೊಂದು ತನಿಖೆ ನಡೆದಿದೆ, ನಿಮ್ಮ ಕ್ರಿಸ್‌ಮಸ್ ಕಾರ್ಯಕ್ರಮ ಬದಲಿಸಬೇಕಾದೀತು ಎಂದರು. ಏನು ತನಿಖೆ ಎಂದು ಅವರು ಕೇಳಲಿಲ್ಲ. ಏಕೆ ಕೇಳಲಿಲ್ಲ ಎಂದು ಮುಂದೆ ಸಂಸದರು ವಿಚಾರಿಸಿದಾಗ, ಸುದ್ದಿ ವಿಭಾಗದ ಕೆಲಸದಲ್ಲಿ ಅತಿಯಾದ ಆಸಕ್ತಿ ತೋರಿಸಿದಂತೆ ಆಗಬಾರದಲ್ಲ ಎಂಬ ಉತ್ತರ ಬಂತು. ಎಂಥ ಸಂಕೋಚ! ತನಿಖೆ ನಿಂತಿತು, ಶ್ರದ್ಧಾಂಜಲಿ ಪ್ರಸಾರವಾಯಿತು.

ಈ ಗುತ್ತಿಗೆ ಇಷ್ಟು ಸಲೀಸಾಗಿ ನಡೆದದ್ದಕ್ಕೆ ಎರಡು ಕಾರಣ ನನಗೆ ಕಾಣುತ್ತವೆ. ಒಂದು ದಾನ. ಅವನು ಸಂಗ್ರಹಿಸಿಕೊಟ್ಟ ಹಣ ಸುಮಾರು 4 ಕೋಟಿ ಪೌಂಡ್ ಎಂದು ಲೆಕ್ಕ ಹೇಳುತ್ತಾರೆ. ಅವನ ವಿರುದ್ಧ ಬಾಯಿ ತೆರೆಯುವುದೆಂದರೆ ಬೆನ್ನುಮೂಳೆ ಮುರಿದು ಮಲಗಿದ ರೋಗಿಯ ಹಾಸಿಗೆ ಕಿತ್ತುಕೊಂಡಂತೆ. ಆದ್ದರಿಂದ ಹಣ ತಂದುಕೊಟ್ಟವನಿಗೆ ಆಸ್ಪತ್ರೆಗಳು ಕೋಣೆ ಕೊಟ್ಟವು. ಬ್ರಾಡ್ಮೂರ್ ಎಂಬ ಅತಿಭದ್ರತೆಯ ಮನೋರೋಗ ಆಸ್ಪತ್ರೆ ಬೀಗದ ಕೈಗಳನ್ನೇ ಕೊಟ್ಟಿತು; 1988ರಲ್ಲಿ ಸರ್ಕಾರ ಅದರ ಆಡಳಿತ ನೋಡುವ ಕಾರ್ಯಪಡೆಗೆ ಅವನನ್ನೇ ಮುಖ್ಯಸ್ಥನನ್ನಾಗಿಸಿತು. ಬೇಲಿ ಎದ್ದು ಹೊಲ ಮೇಯ್ದದ್ದು ಹಳೆಯ ಮಾತು. ಇಲ್ಲಿ ಮೇಯುವುದಕ್ಕೆ ಬಂದದ್ದನ್ನೇ ಕರೆದು ಬೇಲಿಯ ಉಸ್ತುವಾರಿ ವಹಿಸಿದರು.

ಇನ್ನೊಂದು ಕಾರಣ, ‘ಅವನು ಸ್ವಲ್ಪ ವಿಚಿತ್ರ’ ಎಂಬ ಮಾತು. ವಿಚಿತ್ರ ವ್ಯಕ್ತಿಗಳೆಂದರೆ ಇಂಗ್ಲಿಷರಿಗೆ ಬಲು ಪ್ರೀತಿ. ಅವನು ಹುಲಿವೇಷ ಹಾಕಿದ್ದಾನೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ವೇಷಕ್ಕೆ ಇಷ್ಟು ಉದ್ದದ ಉಗುರು ಎಲ್ಲಿಂದ ಬಂತು ಎಂದು ಕೇಳಲು ಸಂಕೋಚ. ಅವನೋ ತಂತ್ರವನ್ನು ಕ್ಯಾಮರಾದ ಮುಂದೆಯೇ ಬಿಡಿಸಿ ಹೇಳಿದ. 2000ದಲ್ಲಿ ಸಾಕ್ಷ್ಯಚಿತ್ರಕಾರ ಲೂಯಿ ಥರೂ ಮಕ್ಕಳ ಕುರಿತ ವದಂತಿಯ ಬಗ್ಗೆ ನೇರವಾಗಿ ಕೇಳಿದಾಗ, ನನಗೆ ಮಕ್ಕಳೆಂದರೆ ಆಗದು ಎಂದು ಹೇಳಿಬಿಡುತ್ತೇನೆ, ಪತ್ರಿಕೆಯವರು ಬೆನ್ನು ಬಿಡುತ್ತಾರೆ ಎಂದ. ಆ ಪತ್ರಿಕೆಗಳಿಗೂ ಕಷ್ಟವಿತ್ತು. ಇಂಗ್ಲೆಂಡಿನ ಮಾನನಷ್ಟ ಕಾನೂನಿನಲ್ಲಿ ಬರೆದವನೇ ತನ್ನ ಬರಹ ನಿಜವೆಂದು ಸಾಬೀತು ಮಾಡಬೇಕು. ಸತ್ತವನು ಮಾತ್ರ ಮೊಕದ್ದಮೆ ಹೂಡಲಾರ. ಹಾಗಾಗಿ ಸತ್ಯ ಅವನ ಉಸಿರು ನಿಲ್ಲುವುದನ್ನೇ ಕಾಯುತ್ತ ಕೂತಿತ್ತು.

ಇದು ಅವನೊಬ್ಬನ ಪ್ರತಿಭೆ ಎಂದುಕೊಳ್ಳಬೇಡಿ. 1985ರಲ್ಲಿ ರಾಲ್ಫ್ ಹ್ಯಾರಿಸ್ ಎಂಬ ಜನಪ್ರಿಯ ಕಲಾವಿದ, ಕೆಟ್ಟ ಸ್ಪರ್ಶಕ್ಕೆ ಬೇಡ ಎನ್ನಿ ಎಂದು ಮಕ್ಕಳಿಗೆ ಕಲಿಸುವ ಚಿತ್ರ ನಡೆಸಿಕೊಟ್ಟ. 2014ರಲ್ಲಿ ಹುಡುಗಿಯರ ಮೇಲಿನ ದೌರ್ಜನ್ಯಕ್ಕಾಗಿ ಅವನಿಗೆ 5 ವರ್ಷ 9 ತಿಂಗಳ ಜೈಲಾಯಿತು. ಸಮುದ್ರದಾಚೆ 2013ರ ಆಸ್ಕರ್ ನಾಮನಿರ್ದೇಶನ ಪ್ರಕಟಿಸುವಾಗ, ಇನ್ನು ನೀವು (ಹಾಲಿವುಡ್ ನಿರ್ಮಾಪಕ) ಹಾರ್ವೆ ವೈನ್‌ಸ್ಟೀನ್‌ನನ್ನು ಮೆಚ್ಚಿದಂತೆ ನಟಿಸಬೇಕಾಗಿಲ್ಲ ಎಂದು ನಟಿಯರನ್ನು ಕುರಿತು ನಿರೂಪಕ ಹಾಸ್ಯ ಮಾಡಿದ. ಸಭೆ ನಕ್ಕಿತು. ಅರ್ಥವಾಗದ ಹಾಸ್ಯಕ್ಕೆ ಯಾರೂ ನಗುವುದಿಲ್ಲ. ಅದೇ ಮಾತು ಪತ್ರಿಕೆಯ ತನಿಖಾ ವರದಿಯಾಗಲು 2017 ಬರಬೇಕಾಯಿತು.

ಮತ್ತೆ ಸ್ಯಾವಿಲ್‌ಗೆ, ಕ್ಷಮಿಸಿ, ಸರ್ ಜಿಮ್ಮಿ ಸ್ಯಾವಿಲ್‌ಗೆ ಬರೋಣ. ಅವನಿಗೆ ನೈಟ್ ಪದವಿ ಬೇಡವೆಂದು ಹಿರಿಯ ಅಧಿಕಾರಿಗಳು 1980ರ ದಶಕದಲ್ಲಿ ಮತ್ತೆ ಮತ್ತೆ ಹೇಳಿದರೂ ಪ್ರಧಾನಿ ಥ್ಯಾಚರ್ ಪಟ್ಟು ಬಿಡಲಿಲ್ಲ. 1990ರಲ್ಲಿ ಪದವಿ ಬಂತು. ಅದೇ ವರ್ಷ ಪೋಪರೂ ಒಂದು ಗೌರವ ಕೊಟ್ಟರು. ಎಲ್ಲ ಬಯಲಾದ ಮೇಲೆ, ಅದನ್ನು ಕಿತ್ತುಕೊಳ್ಳಿ ಎಂದು ಜನ ಕೇಳಿದರು. ಲಂಡನ್ ಮತ್ತು ವ್ಯಾಟಿಕನ್, ಇಬ್ಬರದೂ ಒಂದೇ ಉತ್ತರ: ವ್ಯಕ್ತಿಯೊಂದಿಗೆ ಪದವಿಯೂ ಸಾಯುತ್ತದೆ, ಕಿತ್ತುಕೊಳ್ಳಲು ಈಗ ಏನೂ ಉಳಿದಿಲ್ಲ. ಬದುಕಿದ್ದಾಗ ಕಾರಣ ಇರಲಿಲ್ಲ, ಕಾರಣ ಸಿಕ್ಕಾಗ ಪದವಿ ಇರಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಗೋರಿಯ ಕಲ್ಲು. ಇದ್ದಷ್ಟು ದಿನ ಚೆನ್ನಾಗಿತ್ತು ಎಂಬರ್ಥದ ಮಾತನ್ನು ಅದರ ಮೇಲೆ ಕೆತ್ತಿಸಿದ್ದರು. 2012ರ ಅಕ್ಟೋಬರ್‌ನಲ್ಲಿ ರಾತ್ರಿಯ ಕತ್ತಲಲ್ಲಿ ಅದನ್ನು ಕಿತ್ತು ಸಾಗಿಸಿದರು. ಅವನು ಎಂದೂ ಬಳಸದ ಕತ್ತಲು ಅವನ ಕಲ್ಲಿಗೆ ಬೇಕಾಯಿತು.

ಅದೇ ದಿನಗಳಲ್ಲಿ, ಬಾಲ್ಯದಲ್ಲಿ ಆಸ್ಪತ್ರೆಯಲ್ಲಿದ್ದ ಒಬ್ಬ ಹೆಂಗಸು ಒಂದು ಸಂಗತಿ ನೆನೆದರು. ಸ್ಯಾವಿಲ್ ವಾರ್ಡಿಗೆ ಬರುತ್ತಾನೆಂದರೆ ಮಕ್ಕಳಿಗೆ ನರ್ಸುಗಳು ಹೇಳುತ್ತಿದ್ದ ಉಪಾಯ: ಹಾಸಿಗೆ ಬಿಟ್ಟು ಏಳಬೇಡಿ, ನಿದ್ದೆ ಬಂದವರಂತೆ ನಟಿಸಿ. ಅವನು ಬರುತ್ತಿದ್ದದ್ದು ಸದ್ದು ಮಾಡಿಕೊಂಡು, ಹಾಡು ಹಗಲಲ್ಲಿ, ಎಲ್ಲರ ನಮಸ್ಕಾರ ಸ್ವೀಕರಿಸುತ್ತ. ಮಕ್ಕಳು ಮಂಚದಲ್ಲಿ ಅಲುಗಾಡದೆ ಮಲಗಿರುತ್ತಿದ್ದರು. ಅಡಗಿಕೊಳ್ಳಲು ಅವರಿಗೆ ಸಿಕ್ಕ ಜಾಗ ತಮ್ಮದೇ ಕಣ್ಣುರೆಪ್ಪೆಗಳ ಹಿಂದೆ, ಅಷ್ಟೇ.