ಅಂಕಿ ಕೇಳಿದರೆ ಫೋಟೋ

ಊರಿಂದ ವಾಟ್ಸಾಪಿಗೆ ಬರುವ ಲ್ಯಾಬ್ ರಿಪೋರ್ಟು ಪಿಡಿಎಫ್ ಆಗಿದ್ದರೆ ಅದೇ ಪುಣ್ಯ. ಎಷ್ಟೋ ಸಲ ಅದು ಊಟದ ಟೇಬಲ್ ಮೇಲಿಟ್ಟು ಹೊಡೆದ ಫೋಟೋ. ಮೂಲೆಯಲ್ಲಿ ಹೆಬ್ಬೆರಳು, ಸರಿಯಾಗಿ ಕಿಡ್ನಿಯ ಆರೋಗ್ಯ ಹೇಳುವ ಕ್ರಿಯಾಟಿನಿನ್ ಸಾಲಿನ ಮೇಲೇ ಮಡಿಕೆಯ ನೆರಳು. ಅಕ್ಷರ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟರೆ ಚುಕ್ಕಿ ನುಂಗಿ 1.2 ಅನ್ನು 12 ಅಂತ ಓದಿಬಿಡುತ್ತದೆ. 1.2 ಇದ್ದವರು ವಾಕಿಂಗ್ ಹೋಗುತ್ತಾರೆ, 12 ಇದ್ದವರು ಡಯಾಲಿಸಿಸ್‌ಗೆ.

ಇಲ್ಲಿ ಅಮೆರಿಕದಲ್ಲಿ ಅಂಕಿ ಅಂಕಿಯಾಗಿಯೇ ಕೈಗೆ ಬರುತ್ತದೆ. 2016ರ ಕ್ಯೂರ್ಸ್ ಕಾಯ್ದೆಯಡಿಯ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ: ರೋಗಿಯ ಮಾಹಿತಿಗೆ ಸುಮ್ಮಸುಮ್ಮನೆ ಅಡ್ಡಗಾಲು ಹಾಕುವಂತಿಲ್ಲ. ಸರ್ಕಾರಿ ಪ್ರಮಾಣಪತ್ರ ಬೇಕೆಂದರೆ ಆಸ್ಪತ್ರೆಯ ತಂತ್ರಾಂಶ ಫೈರ್ (FHIR, ಆರೋಗ್ಯ ಮಾಹಿತಿ ಹಂಚಿಕೊಳ್ಳುವ ಸಾಮಾನ್ಯ ಮಾದರಿ) ಪ್ರಕಾರದ ಎಪಿಐ, ಅಂದರೆ ಬೇರೆ ತಂತ್ರಾಂಶಗಳು ಮಾಹಿತಿ ಕೇಳಿ ಪಡೆಯುವ ಬಾಗಿಲನ್ನು ತೆರೆದಿಡಲೇಬೇಕು. ಆಸ್ಪತ್ರೆಯ ಪೋರ್ಟಲ್ ಲಾಗಿನ್ನಿಂದ ಅನುಮತಿ ಕೊಟ್ಟು, ‘ಅಬ್ಸರ್ವೇಷನ್’ (ಫೈರ್‌ನಲ್ಲಿ ಪರೀಕ್ಷೆಯ ಫಲಿತಾಂಶ ಕೂರುವ ಜಾಗ) ಓದುವಷ್ಟಕ್ಕೇ ಹಕ್ಕು ಕೇಳಿ, 2160-0 ಎಂಬ ಲಾಯಿಂಕ್ (LOINC, ಪರೀಕ್ಷೆಗಳನ್ನು ಗುರುತಿಸುವ ಸಾಮಾನ್ಯ ಸಂಕೇತ) ಕೋಡ್ ಹಾಕಿದರೆ ರಕ್ತದ ಕ್ರಿಯಾಟಿನಿನ್ ಫಲಿತಾಂಶಗಳು ದಿನಾಂಕ, ಅಳತೆಯ ಮಾನ ಸಮೇತ ಸಾಲಾಗಿ ಬರುತ್ತವೆ. ಎಡವುವ ಜಾಗ ಎರಡು. ಉತ್ತರ ಪುಟಪುಟವಾಗಿ ಬರುತ್ತದೆ. ‘ನೆಕ್ಸ್ಟ್’ ಕೊಂಡಿ ಹಿಡಿದು ಹೋಗದಿದ್ದರೆ ಹಳೆಯ ವರ್ಷಗಳು ಮಾಯ. ಇನ್ನು ಕೆಲವು ಲ್ಯಾಬುಗಳು ಲಾಯಿಂಕ್ ಬಿಟ್ಟು ತಮ್ಮದೇ ಕೋಡ್ ಹಾಕಿರುತ್ತವೆ, ಅಂಥವನ್ನು ಹೆಸರಿನಿಂದ ಹುಡುಕಬೇಕು. ಅಭ್ಯಾಸಕ್ಕೆ ನಿಜವಾದ ರೋಗಿ ಬೇಕಿಲ್ಲ. ಸಿಂಥಿಯಾ ಎಂಬ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ) ತಂತ್ರಾಂಶ ಬೇಕಾದಷ್ಟು ಕಲ್ಪಿತ ರೋಗಿಗಳನ್ನು ಹುಟ್ಟಿಸುತ್ತದೆ. ಅವರನ್ನು ಹಾಪಿ ಎಂಬ ಫೈರ್ ಸರ್ವರಿಗೆ ತುಂಬಿದರೆ ಸಾಕು, ಅದೂ ಬಿಟ್ಟಿ.

ನಮ್ಮಲ್ಲಿ ವ್ಯವಸ್ಥೆಯೇ ಇಲ್ಲವೇ? ಇದೆ, ಹೊಟ್ಟೆ ಉರಿಯುವುದೇ ಅದಕ್ಕೆ. 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂತು. ಒಬ್ಬೊಬ್ಬರಿಗೂ ಆಭಾ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ, ಯಾರಿಗೆ, ಯಾವ ದಾಖಲೆ, ಎಲ್ಲಿಯವರೆಗೆ ಎಂಬ ಒಪ್ಪಿಗೆ, ಸಾಗಿಸುವಾಗ ಬೀಗಮುದ್ರೆ. ಮಾದರಿಯೂ ಅದೇ ಫೈರ್. ಆದರೆ ವರದಿಯ ಜಾಗದಲ್ಲಿ ಇಡೀ ಪಿಡಿಎಫನ್ನೇ ಬೇಸ್64 ಎಂಬ ಅಕ್ಷರಗಳ ಸಾಲು ಮಾಡಿ ತುರುಕಲು ಅವಕಾಶ ಬಿಟ್ಟಿದ್ದಾರೆ. ಬಿಟ್ಟ ಮೇಲೆ ಅಂಕಿ ಬಿಡಿಸುತ್ತಾ ಯಾರು ಕೂರುತ್ತಾರೆ? ಮದುವೆ ಉಡುಗೊರೆಯ ಹಾಗೆ ಡಬ್ಬದೊಳಗೆ ಡಬ್ಬ, ಕೊನೆಗೆ ಗೋಡೆ ಗಡಿಯಾರ. ಲ್ಯಾಬಿನ ಯಂತ್ರ ಅಂಕಿಯನ್ನು ಅಂಕಿಯಾಗಿಯೇ ಉಗುಳಿರುತ್ತದೆ. ಅದನ್ನು ಚಿತ್ರ ಮಾಡುವುದು ಆಮೇಲಿನ ನಾವು. ದಿನನಿತ್ಯದ ಐವತ್ತು ಪರೀಕ್ಷೆಗಳಿಗೆ ಲಾಯಿಂಕ್ ಹೊಂದಿಸುವುದು ಒಬ್ಬ ತಂತ್ರಜ್ಞನ ಒಂದೆರಡು ದಿನದ ಕೆಲಸ, ಕೋಡಿಗೆ ಕಾಸೂ ಕೊಡಬೇಕಿಲ್ಲ.

ಹಾಗಂತ ಇಲ್ಲಿನದೆಲ್ಲ ಚಿನ್ನವಲ್ಲ, ಹೇಳಲೇಬೇಕು. ದೊಡ್ಡ ಆಸ್ಪತ್ರೆಗಳ ತಂತ್ರಾಂಶದ ಸೋರ್ಸ್ ಮುಚ್ಚಿಯೇ ಇದೆ. ಕಾನೂನು ತೆರೆಸಿದ್ದು ಕಿಟಕಿಯನ್ನು ಮಾತ್ರ. ಓಪನ್ ಸೋರ್ಸಿನ ಆಸ್ಪತ್ರೆ ತಂತ್ರಾಂಶ ಬಾಹ್ಮ್ನಿ ರೂಪುಗೊಂಡದ್ದು ನಮ್ಮ ದೇಶದಲ್ಲಿ, ಛತ್ತೀಸಗಢದ ಗನಿಯಾರಿಯ ಆಸ್ಪತ್ರೆಯಲ್ಲಿ. ಇನ್ನು ಒಬ್ಬರಿಗೆ ಒಂದೇ ಆರೋಗ್ಯ ಸಂಖ್ಯೆ ಎನ್ನುವುದಕ್ಕೆ ಅಮೆರಿಕದ ಸಂಸತ್ತು 1990ರ ದಶಕದ ಕೊನೆಯಿಂದಲೂ ದುಡ್ಡು ತಡೆಹಿಡಿದಿದೆ. ಹಾಗಾಗಿ ಮೂರು ಆಸ್ಪತ್ರೆಗೆ ಹೋದವರಿಗೆ ಮೂರು ಪೋರ್ಟಲ್, ಮೂರು ಪಾಸ್‌ವರ್ಡ್. ಮೂರನೆಯದು ಮರೆತು ಇವರು ಕೌಂಟರಿನಲ್ಲಿ ತಡಕಾಡುವಷ್ಟರಲ್ಲಿ, ಊರಿನ ಡಾಕ್ಟರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಹತ್ತು ವರ್ಷದ ರಿಪೋರ್ಟು ಹೊರಗೆಳೆದು ಟೇಬಲ್ ಮೇಲೆ ಹರಡಿಯಾಗಿರುತ್ತದೆ.