ಮೂರು ವರ್ಷ ಕವರ್ ಹಾಕಿ ಕಾಪಾಡಿದ್ದು ಯಾರಿಗೆ?

ಹಳೇ ಫೋನ್ ಕೊಳ್ಳುವ ಆ್ಯಪಿನವರು ಕಳಿಸಿದ ಒಬ್ಬ ಹುಡುಗ ನಮ್ಮ ಮನೆ ಬಾಗಿಲಲ್ಲೇ ನಿಂತು, ನಾನು ಮಾರಲು ಹೊರಟ ಫೋನಿನ ಮೇಲೆ ಟಾರ್ಚ್ ಬಿಟ್ಟ. ಬೆಳಗ್ಗೆ ಹನ್ನೊಂದು ಗಂಟೆ. ಬಿಸಿಲು ಹೊಸ್ತಿಲ ತನಕ ಬಂದಿದೆ. ಆದರೂ ಟಾರ್ಚು. ಫೋನನ್ನು ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ, ಗಿರವಿ ಅಂಗಡಿಯವನು ಬಳೆ ನೋಡುವ ಹಾಗೆ ಕಣ್ಣಿನ ಹತ್ತಿರ ತಂದ. ಆಮೇಲೆ ಯಾರೋ ತೀರಿಕೊಂಡ ಸುದ್ದಿ ಹೇಳುವವನ ಮುಖ ಮಾಡಿ, 'ಸರ್, ಇಲ್ಲೊಂದು ಸ್ಕ್ರ್ಯಾಚ್ ಇದೆ' ಅಂದ.

ಎಲ್ಲಿ ಅಂತ ಕೇಳಿದೆ. ತೋರಿಸಿದ. ನನಗೆ ಕಾಣಲಿಲ್ಲ. ಒಳಗೆ ಹೋಗಿ ಕನ್ನಡಕ ತಂದೆ. ಆಗಲೂ ಕಾಣಲಿಲ್ಲ. 'ಹಂಗಲ್ಲ ಸರ್, ಸ್ವಲ್ಪ ಬಗ್ಗಿ, ಈ ಕಡೆಯಿಂದ ನೋಡಿ' ಅಂದ. ಬಗ್ಗಿದೆ. ಚಾರ್ಜರ್ ಚುಚ್ಚುವ ತೂತಿನ ಪಕ್ಕ ಕೂದಲೆಳೆಯಷ್ಟು ಒಂದು ಗೀರು ಇತ್ತು. ಆ ಗೀರಿಗೆ 1,900 ರೂಪಾಯಿ ಕಡಿತ.

ಇದು ಶುರು ಅಷ್ಟೇ. ಸ್ಕ್ರೀನಿನ ಮೂಲೆಯಲ್ಲಿ 'ಶೇಡ್' ಇದೆಯಂತೆ. ಪೂರ್ತಿ ಬಿಳಿ ಚಿತ್ರ ಹಾಕಿ ನೋಡಿದರೆ ಕೆಳಗಡೆ ಒಂಚೂರು ಹಳದಿ ಬರುತ್ತದಂತೆ. ಮೂರು ವರ್ಷದಲ್ಲಿ ನಾನು ಒಂದು ದಿನವೂ ಪೂರ್ತಿ ಬಿಳಿ ಚಿತ್ರ ಹಾಕಿಕೊಂಡು ಕೂತವನಲ್ಲ. ಅದಕ್ಕೆ 2,650 ಹೋಯಿತು. ಇನ್ನು ಚಾರ್ಜರ್. 'ಒರಿಜಿನಲ್ ಚಾರ್ಜರ್ ಕೊಡಿ ಸರ್.' ಅಯ್ಯಾ, ಈ ಫೋನಿನ ಡಬ್ಬಿಯಲ್ಲಿ ಚಾರ್ಜರೇ ಬಂದಿರಲಿಲ್ಲ! 2020ರಲ್ಲಿ ಐಫೋನ್ 12 ಬಿಟ್ಟಾಗ ಆಪಲ್ ಕಂಪನಿ ಚಾರ್ಜರ್ ಕೊಡುವುದನ್ನು ನಿಲ್ಲಿಸಿತು, ಪರಿಸರ ಉಳಿಸುತ್ತೇವೆ ಅಂತ. ಆಮೇಲೆ ಬೇರೆ ಕಂಪನಿಯವರೂ ಒಬ್ಬೊಬ್ಬರೇ ಅದೇ ದಾರಿ ಹಿಡಿದರು. ನಾನೂ ಅಂಗಡಿಯಲ್ಲಿ ಬೇರೆ ದುಡ್ಡು ಕೊಟ್ಟು ಚಾರ್ಜರ್ ತಗೊಂಡೆ. ಈಗ, ಕಂಪನಿ ನನಗೆ ಕೊಡದೇ ಇದ್ದ ಚಾರ್ಜರನ್ನು ನಾನು ವಾಪಸ್ ಕೊಡಲಿಲ್ಲ ಅಂತ 1,500 ಕಟ್.

ಹಿಂದಿನ ರಾತ್ರಿ ಆ್ಯಪಿನಲ್ಲಿ ತೋರಿಸಿದ್ದ ಬೆಲೆ 14,200. ಬಾಗಿಲಲ್ಲಿ ಆಗಿದ್ದು 8,150.

'ನಾನೇನೂ ಮಾಡಕ್ಕಾಗಲ್ಲ ಸರ್, ಸಿಸ್ಟಮ್ ತೋರಿಸ್ತಿದೆ' ಅಂದ. ಈ ಸಿಸ್ಟಮ್ ಅನ್ನುವ ಪುಣ್ಯಾತ್ಮ ಯಾರು, ಎಲ್ಲಿ ಕೂರುತ್ತಾನೆ, ಒಂದು ಸಲ ಎದುರಿಗೆ ಸಿಗಬೇಕು ನನಗೆ. ಹುಡುಗನ ಮೇಲೆ ಸಿಟ್ಟಿಲ್ಲ. ಬಿಸಿಲಲ್ಲಿ ಬಂದಿದ್ದ, ಒಂದು ಲೋಟ ನೀರು ಕೊಟ್ಟೆ, ಮಾರುವುದು ಬೇಡ ಅಂತ ಹೇಳಿ ಕಳಿಸಿದೆ. ಮೆಟ್ಟಿಲು ಇಳಿಯುವಾಗ 'ಯೋಚನೆ ಮಾಡಿ ಸರ್, ನಾಳೆ ಇನ್ನೂ ಕಮ್ಮಿ ಆಗತ್ತೆ' ಅಂದ. ಆ ಮಾತು ಮಾತ್ರ ನಿಜವಾಯಿತು.

ನಾನು ಈ ಫೋನನ್ನು ಹೇಗೆ ಇಟ್ಟುಕೊಂಡಿದ್ದೆ ಅಂತ ಯಾರನ್ನು ಬೇಕಾದರೂ ಕೇಳಿ. 2022ರ ದಸರಾ ಹೊತ್ತಿಗೆ 33,999 ಕೊಟ್ಟು ತಂದಿದ್ದು. ಬಣ್ಣ ಆರಿಸುವುದಕ್ಕೇ ಅರ್ಧ ಗಂಟೆ ಹಿಡಿದಿತ್ತು. ಕೊನೆಗೆ ನವಿಲಿನ ಕತ್ತಿನ ಹಾಗೆ ಹೊಳೆಯುವ ನೀಲಿ ಹಿಡಿದುಕೊಂಡೆ. ಅಂಗಡಿಯಿಂದ ಹೊರಗೆ ಕಾಲಿಡುವ ಮೊದಲೇ ಮುಂದೆ ಟೆಂಪರ್ಡ್ ಗ್ಲಾಸ್, ಹಿಂದೆ ದಪ್ಪ ಕಪ್ಪು ಕವರ್. ಆ ಗ್ಲಾಸನ್ನೇ ಮೂರು ಸಲ ಬದಲಾಯಿಸಿದ್ದೇನೆ. ಮಳೆ ಬಂದರೆ ಮೊದಲು ಫೋನಿಗೆ ಪ್ಲಾಸ್ಟಿಕ್ ಕವರ್, ಆಮೇಲೆ ನನ್ನ ತಲೆಗೆ ಏನಾದರೂ. ಮಕ್ಕಳು ಗೇಮ್ ಆಡಬೇಕು ಅಂದರೆ ಅಮ್ಮನ ಫೋನ್. ರಾತ್ರಿಯಿಡೀ ಚಾರ್ಜಿಗೆ ಹಾಕುವ ಹಾಗಿಲ್ಲ, ಬ್ಯಾಟರಿ ಹಾಳಾಗುತ್ತೆ. ಇಷ್ಟೆಲ್ಲ ಮಾಡಿ, ಆ ನೀಲಿ ಬಣ್ಣವನ್ನು ನಾನು ಕಣ್ತುಂಬ ನೋಡಿದ್ದು ಎರಡೇ ಸಲ. ಒಂದು, ತಂದ ದಿನ ಅಂಗಡಿಯಲ್ಲಿ. ಇನ್ನೊಂದು, ಈ ಟಾರ್ಚಿನ ಹುಡುಗ ಕವರ್ ಬಿಚ್ಚಿದಾಗ.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವನ ಹತ್ತಿರವೂ ಇದೇ ಮಾಡೆಲ್. ವಾರಕ್ಕೆ ಎರಡು ಸಲ ಬೀಳಿಸುತ್ತಾನೆ. ಮೂಲೆ ನಾಲ್ಕೂ ಜಜ್ಜಿಹೋಗಿದೆ. ಅವನೂ ಮಾರಲು ಹೊರಟ. ಅವನಿಗೆ ಬಂದಿದ್ದು 7,300. ಅಂದರೆ ಮೂರು ವರ್ಷದ ನನ್ನ ಭಯ, ಭಕ್ತಿ, ಬೈಗುಳ ಎಲ್ಲ ಸೇರಿ 850 ರೂಪಾಯಿ. ನಾಲ್ಕು ಗ್ಲಾಸಿನ ದುಡ್ಡು ಕಳೆದರೆ ಅಷ್ಟೂ ಉಳಿಯುವುದಿಲ್ಲ.

'14,200 ರೂ. ವರೆಗೆ' ಅಂತ ಇತ್ತಲ್ಲ, ಆ 'ವರೆಗೆ' ಅನ್ನುವುದನ್ನು ನಾನು ಓದಿಕೊಳ್ಳಬೇಕಿತ್ತಂತೆ. ನನ್ನ ಹೆಂಡತಿಯ ವಾದ ಇದು. ಬೆಲೆಯನ್ನು ಹಿತ್ತಲ ಕುಂಬಳಕಾಯಿ ಗಾತ್ರದಲ್ಲಿ ಬರೆಯುತ್ತಾರೆ, 'ವರೆಗೆ'ಯನ್ನು ಸಾಸಿವೆ ಗಾತ್ರದಲ್ಲಿ. ಆ್ಯಪಿನವರು ಕೇಳಿದ ಪ್ರಶ್ನೆಗೆಲ್ಲ ನಾನು ಸತ್ಯವೇ ಹೇಳಿದ್ದೆ. ಸ್ಕ್ರೀನ್ ಒಡೆದಿದೆಯಾ? ಇಲ್ಲ. ಕ್ಯಾಮೆರಾ ಕೆಲಸ ಮಾಡುತ್ತಾ? ಮಾಡುತ್ತೆ. ಮೈಕ್, ಸ್ಪೀಕರ್, ಬೆರಳಚ್ಚು ಎಲ್ಲ ಸರಿ. ಅಷ್ಟೂ ಉತ್ತರ ತಗೊಂಡ ಮೇಲೇ ಆ ಬೆಲೆ ಹೇಳಿದ್ದು. ಹಾಗಾದರೆ ಆ ಪ್ರಶ್ನೆಗಳು ಯಾತಕ್ಕೆ? ಸುಮ್ನೆ ಕಾಲಹರಣಕ್ಕಾ?

ಹೋಗಲಿ, ಹೊಸದು ತಗೊಳ್ಳುವಾಗಲೇ ಎಕ್ಸ್‌ಚೇಂಜ್ ಹಾಕೋಣ ಅಂತ ನೋಡಿದೆ. ಹಬ್ಬದ ಸೇಲ್ ನಡೆಯುತ್ತಿತ್ತು. ಅಲ್ಲಿ ಇನ್ನೊಂದು ನಾಟಕ. ಹೊಸ ಫೋನ್ ತರುವವನೇ ಮನೆ ಬಾಗಿಲಲ್ಲಿ ಹಳೆಯದನ್ನು ಪರೀಕ್ಷೆ ಮಾಡುತ್ತಾನೆ. ಅವನಿಗೆ ಒಪ್ಪಿಗೆಯಾಗದಿದ್ದರೆ ವ್ಯತ್ಯಾಸದ ದುಡ್ಡು ಅಲ್ಲೇ ಕೊಡಬೇಕು, ಇಲ್ಲವೇ ಹೊಸ ಫೋನ್ ವಾಪಸ್. ಹೊಸ ಡಬ್ಬಿ ಬಾಗಿಲಿಗೆ ಬಂದಿದೆ, ಮಕ್ಕಳು ಕುಣಿಯುತ್ತಿವೆ. ಯಾವ ಗಂಡಸು ಆಗ ವಾಪಸ್ ತಗೊಂಡು ಹೋಗಪ್ಪಾ ಅಂತಾನೆ? ಇದು ಅವರಿಗೆ ಚೆನ್ನಾಗಿ ಗೊತ್ತು.

ಅಕೌಂಟ್ಸ್ ಕೆಲಸ ಮಾಡುವ ನನ್ನ ಷಡ್ಡಕ ಒಂದು ಮಜಾ ಹೇಳಿದ. 2017ರ ಜಿಎಸ್‌ಟಿ ನಿಯಮಗಳಲ್ಲಿ 27ನೆಯದಕ್ಕೆ ಸರ್ಕಾರವೇ ಕೊಟ್ಟಿರುವ ಉದಾಹರಣೆ ಹಳೇ ಫೋನಿನ ಎಕ್ಸ್‌ಚೇಂಜಂತೆ. ಹಳೆಯದು ಕೊಟ್ಟು 20,000ಕ್ಕೆ ಹೊಸದು ತಗೊಂಡರೂ, ಎಕ್ಸ್‌ಚೇಂಜ್ ಇಲ್ಲದೆ ಅದರ ಬೆಲೆ 24,000 ಇದ್ದರೆ, ಲೆಕ್ಕಕ್ಕೆ ಹಿಡಿಯುವುದು 24,000. ಫೋನಿಗೆ 2020ರ ಏಪ್ರಿಲ್‌ನಿಂದ 18 ಪರ್ಸೆಂಟ್ ಜಿಎಸ್‌ಟಿ ಇದೆ. ಅಂದರೆ ತೆರಿಗೆ ಹಾಕುವಾಗ ನನ್ನ ಹಳೇ ಫೋನೂ ದುಡ್ಡೇ. ನನ್ನ ಕೈಗೆ ದುಡ್ಡು ಕೊಡುವಾಗ ಮಾತ್ರ ಅದು ಗುಜರಿ.

ಆಮೇಲೆ ನಾನೇ ನೇರವಾಗಿ ಮಾರುತ್ತೇನೆ ಅಂತ ಹಟ ಬಂತು. ಫೋಟೊ ತೆಗೆದು, ಬಿಲ್ ಇದೆ, ಡಬ್ಬಿ ಇದೆ, ಒಬ್ಬನೇ ಬಳಸಿದ್ದು ಅಂತ ಬರೆದು 11,500ಕ್ಕೆ ಹಾಕಿದೆ. ಹಾಕಿ ಐದು ನಿಮಿಷ ಆಗಿಲ್ಲ, ಮೆಸೇಜುಗಳ ಸುರಿಮಳೆ. ನಮಸ್ಕಾರ ಇಲ್ಲ, ಹೆಸರಿಲ್ಲ. 'ಲಾಸ್ಟ್?' ಅಷ್ಟೇ. ಒಂದೇ ಪದ. 11,000 ಅಂತ ಬರೆದರೆ '6 ಕೊಡ್ತೀನಿ, ಈಗಲೇ ಬರ್ತೀನಿ'. ಒಬ್ಬನಿಗೆ ಮೀನಿನ ತೊಟ್ಟಿ ಬದಲಿಗೆ ಫೋನ್ ಬೇಕಿತ್ತು. ಮೀನಿನ ಸಮೇತ ಕೊಡ್ತೀನಿ ಅಂತ ಆಸೆ ಬೇರೆ ಹಚ್ಚಿದ. ಇನ್ನೊಬ್ಬ ವಿಜಯನಗರ ಮೆಟ್ರೊ ಹತ್ತಿರ ಬರಲು ಹೇಳಿ, ಮುಕ್ಕಾಲು ಗಂಟೆ ಫೋನ್ ಪರೀಕ್ಷೆ ಮಾಡಿದ. ಅದರಲ್ಲೇ ಸೆಲ್ಫಿ ತೆಗೆದ, ವಿಡಿಯೊ ಮಾಡಿದ, ಹಾಡು ಹಾಕಿ ಕೇಳಿದ. ಕೊನೆಗೆ ಮನೇಲಿ ಕೇಳಿ ಹೇಳ್ತೀನಿ ಅಂತ ಮೆಟ್ರೊ ಹತ್ತಿದವನು ಇವತ್ತಿನ ತನಕ ಮನೆಯಲ್ಲಿ ಕೇಳುತ್ತಲೇ ಇದ್ದಾನೆ.

ಇವರೆಲ್ಲರ ನಡುವೆ ಒಬ್ಬ ಚೌಕಾಸಿಯನ್ನೇ ಮಾಡಲಿಲ್ಲ. 11,500 ಓಕೆ ಅಂದ. ಆಗಲೇ ನನಗೆ ಗುಮಾನಿ ಬಂತು. ಚೌಕಾಸಿ ಮಾಡದೆ ಹಳೇ ಸಾಮಾನು ತಗೊಳ್ಳುವ ಮನುಷ್ಯ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ತಾನು ಸೇನೆಯಲ್ಲಿದ್ದೇನೆ, ಬರಕ್ಕಾಗಲ್ಲ, ದುಡ್ಡು ಮೊದಲೇ ಹಾಕ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿ ಅಂದ. ಸಮವಸ್ತ್ರ ಹಾಕಿದ ಫೋಟೊ ಕೂಡ ಕಳಿಸಿದ. ಇದು ಹಳೇ ಮೋಸ, ಆದರೂ ಬೀಳುವವರು ಬೀಳುತ್ತಲೇ ಇದ್ದಾರೆ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಡವೇ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ನಾನು ಅವನಿಗೆ 1930ಕ್ಕೆ ಫೋನ್ ಮಾಡ್ತೀನಿ ಅಂತ ಬರೆದೆ. ಸೈಬರ್ ವಂಚನೆಯ ಸಹಾಯವಾಣಿ ಅದು. ಆ ಕ್ಷಣವೇ ಬ್ಲಾಕ್ ಮಾಡಿದ. ಸೈನಿಕರ ಹೆಸರಲ್ಲಿ ಹೀಗೆ ಮಾಡುವವರಿಗೆ ಏನು ಹೇಳಬೇಕೋ, ಇಲ್ಲಿ ಬರೆಯುವ ಹಾಗಿಲ್ಲ.

ಒಂದು ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರಸ್ತೆಗೂ ಹೋಗಿ ಬಂದೆ. ಅಂಗಡಿಯವನು ಫೋನ್ ಮುಟ್ಟಲೂ ಇಲ್ಲ. ದೂರದಿಂದಲೇ, 'ಅಣ್ಣಾ, ಈ ಮಾಡೆಲ್ ಓಡಲ್ಲ' ಅಂದ. ಅವನ ಗಾಜಿನ ಪೆಟ್ಟಿಗೆಯೊಳಗೆ ಇದೇ ಮಾಡೆಲ್, ಇದೇ ನೀಲಿ, 16,500ರ ಚೀಟಿ ಅಂಟಿಸಿಕೊಂಡು ಕೂತಿತ್ತು. ಅದನ್ನು ತೋರಿಸಿದೆ. 'ಅದು ಬೇರೆ ಅಣ್ಣಾ.' ಏನು ಬೇರೆ? 'ಅದು ಪೀಸ್ ಚೆನ್ನಾಗಿದೆ.' ಅದರ ಮೂಲೆಯಲ್ಲಿದ್ದ ಗೀರು ನನಗೆ ಟಾರ್ಚ್ ಇಲ್ಲದೆ, ಕನ್ನಡಕ ಇಲ್ಲದೆ ಕಾಣುತ್ತಿತ್ತು.

ಅವನು 7,000 ಅಂದ. ಆದರೆ ಇಷ್ಟು ದಿನದಲ್ಲಿ ನನಗೆ ನಿಜವಾದ ಕಾರಣ ಹೇಳಿದವನೂ ಅವನೊಬ್ಬನೇ. 'ಇದಕ್ಕೆ ಅಪ್‌ಡೇಟ್ ನಿಂತೋಯ್ತಲ್ಲಣ್ಣಾ, ಯಾರ್ ತಗೋತಾರೆ?' ಅಂದ. ಹೌದು. 2023ರಲ್ಲಿ ಪಿಕ್ಸೆಲ್ 8 ಬಂದಾಗ ಗೂಗಲ್ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂದಿತು. 2024ರ ಜನವರಿಯಲ್ಲಿ ಎಸ್24 ತಂದು ಸ್ಯಾಮ್‌ಸಂಗ್ ಕೂಡ ಅದನ್ನೇ ಹೇಳಿತು. ನನ್ನದು ಅದಕ್ಕಿಂತ ಮೊದಲಿನದು, ಎರಡು ಅಪ್‌ಡೇಟಿಗೆ ಮುಗಿದ ಕಥೆ. ಫೋನ್ ಗಟ್ಟಿಮುಟ್ಟಾಗಿದೆ, ತಯಾರು ಮಾಡಿದವರೇ ಕೈಬಿಟ್ಟಿದ್ದಾರೆ. ಇದಕ್ಕೆ ಕವರ್ ಹಾಕಿ ಏನು ಮಾಡೋಣ?

ಆಧಾರ್ ಜೆರಾಕ್ಸ್ ಕೂಡ ಕೇಳಿದ. ಮೊದಲು ಕೋಪ ಬಂತು, ನಾನೇನು ಕಳ್ಳನಾ ಅಂತ. ಆಮೇಲೆ ಯೋಚಿಸಿದರೆ ಅದೊಂದು ಸರಿಯಾಗೇ ಇತ್ತು. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿಸಿ ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ನಂಬರ್ ತಗೊಂಡು, ಸರ್ಕಾರದ 14422ಕ್ಕೆ ಮೆಸೇಜ್ ಕಳಿಸಿ ನೋಡಿದ. ಆ ನಂಬರ್ ಅಸಲಿಯಾ, ಬ್ಲಾಕ್ ಆಗಿದೆಯಾ ಅಂತ ಅಲ್ಲಿ ಗೊತ್ತಾಗುತ್ತೆ. ಹಳೇ ಫೋನ್ ತಗೊಳ್ಳುವವರೆಲ್ಲ ಇಷ್ಟಾದರೂ ಮಾಡಬೇಕು. ಆದರೆ 7,000ಕ್ಕೆ ನಾನು ಕೊಡಲಿಲ್ಲ.

ಕೊನೆಗೆ ತಗೊಂಡವನು ನನ್ನ ಹೆಂಡತಿಯ ಚಿಕ್ಕಪ್ಪನ ಮಗ. 'ಭಾವ, ಹೊರಗಿನವರಿಗೆ ಯಾಕೆ ಕೊಡ್ತೀರಾ, ನಂಗೇ ಕೊಡಿ' ಅಂದ. 9,000ಕ್ಕೆ ಮಾತಾಯಿತು. 5,000 ಈಗ, 4,000 ಸಂಬಳ ಆದ ಮೇಲೆ. ಯಾವ ತಿಂಗಳ ಸಂಬಳ ಅಂತ ನಾನು ಕೇಳಲಿಲ್ಲ. ನೆಂಟರಲ್ವಾ.

ಕೊಡುವ ಮೊದಲು ಒಂದು ಭಾನುವಾರ ಪೂರ್ತಿ ಹೋಯಿತು. ವಾಟ್ಸಾಪ್ ಬ್ಯಾಕಪ್ ಮಧ್ಯಾಹ್ನದ ತನಕ ತಿರುಗುತ್ತಲೇ ಇತ್ತು. ಬ್ಯಾಂಕಿನ ಆ್ಯಪ್ ಹೊಸ ಫೋನಿನಲ್ಲಿ ಮತ್ತೆ ಮೊದಲಿನಿಂದ ಜಾತಕ ಕೇಳಿತು. ಗೂಗಲ್ ಖಾತೆ ತೆಗೆಯದೆ ಬಟನ್ ಒತ್ತಿ ಎಲ್ಲ ಅಳಿಸಿಬಿಟ್ಟರೆ, ಫೋನ್ ಮತ್ತೆ ಹಳೇ ಮಾಲೀಕನ ಪಾಸ್‌ವರ್ಡೇ ಕೇಳುತ್ತದೆ. ಕಳ್ಳರಿಗೆ ಅಂತ 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂದ ಬೀಗ ಅದು. ಮರೆತರೆ ತಗೊಂಡವನ ಕೈಯಲ್ಲಿ ಅದು ಬರೀ ಗಾಜಿನ ತುಂಡು. ನಾನು ಮರೆಯಲಿಲ್ಲ. ಖಾತೆ ತೆಗೆದೆ, ಸಿಮ್ ತೆಗೆದೆ, ಅಳಿಸಿದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅದೇ ಕಪ್ಪು ಕವರ್ ಹಾಕಿ, ಡಬ್ಬಿಯಲ್ಲಿಟ್ಟು ಕೊಟ್ಟೆ. ಹೊಸ ಟೆಂಪರ್ಡ್ ಗ್ಲಾಸ್ ಕೂಡ ಹಾಕಿಸಿ ಕೊಟ್ಟೆ, ಐದನೆಯದು.

ಹೋದ ವಾರ ನೆಂಟರ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ಅವನು ನನ್ನ ಎದುರಿಗೇ ಕೂತಿದ್ದ. ಎಲೆಯ ಪಕ್ಕ, ನೀರು ಚೆಲ್ಲಿದ ಟೇಬಲ್ ಮೇಲೆ, ಫೋನ್ ಬೋರಲಾಗಿ ಬಿದ್ದಿತ್ತು. ಕವರ್ ಇಲ್ಲ. ಗ್ಲಾಸೂ ಕಿತ್ತು ಬಿಸಾಕಿದ್ದನಂತೆ. ಕಿಟಕಿ ಬೆಳಕು ಬಿದ್ದು ಆ ನೀಲಿ ಹೊಳೆಯುತ್ತಿತ್ತು, ನವಿಲಿನ ಕತ್ತಿನ ಹಾಗೆ. ಪಕ್ಕದಲ್ಲಿದ್ದ ಅತ್ತೆ 'ಎಷ್ಟು ಚಂದ ಇದೆಯೋ ಬಣ್ಣ' ಅಂದರು. ನಾನು ತಡೆಯಲಾರದೆ ಕವರ್ ಎಲ್ಲೋ ಅಂದೆ.

'ಕೈಗೆ ದಪ್ಪ ಅನ್ಸುತ್ತೆ ಭಾವ, ತೆಗೆದ್‌ಬಿಟ್ಟೆ' ಅಂದ. ಆಮೇಲೆ ನನ್ನ ಜೇಬಿನ ಕಡೆ ನೋಡಿ, 'ನಿಮ್ದು ಹೊಸದು ಯಾವ ಕಲರ್?' ಅಂತ ಕೇಳಿದ.

ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಸಿರು ಅಂದೆ. ಉಳಿದ 4,000ದ ವಿಷಯ ಎತ್ತೋಣ ಅಂತ ಬಾಯಿ ತೆರೆಯುವಷ್ಟರಲ್ಲಿ, ಅವನು ಹೋಳಿಗೆ ಬಡಿಸುವವನನ್ನು ಕರೆದು 'ಭಾವನಿಗೆ ಇನ್ನೊಂದು ಹಾಕಿ' ಅಂದ.