ಮೆಣಸಿನ ರಾಣಿಗೆ ಪ್ಲಾಸ್ಟಿಕ್ ಕತ್ತಿ

ಗೋಕರ್ಣದಲ್ಲಿ ಅಪ್ಪಯ್ಯನ ತಿಥಿ ಮುಗಿಸಿ ಶಿರಸಿಗೆ ಮರಳುವಾಗ ಭಾವ ಮಿರ್ಜಾನ್ ಕೋಟೆಯ ಬಳಿ ಕಾರು ನಿಲ್ಲಿಸಿದ. ಊಟ ಭಾರವಾಗಿತ್ತು, ನಾಲ್ಕು ಹೆಜ್ಜೆ ನಡೆಯೋಣವೆಂದು ಒಳಗೆ ಹೋದೆವು. ಅಲ್ಲೊಬ್ಬ ಯುವಕ ಜರಿ ಶಲ್ಯ ಹೊದ್ದು, ಪ್ಲಾಸ್ಟಿಕ್ ಕತ್ತಿ ಎತ್ತಿ ಹಿಡಿದು ಮೊಬೈಲ್ ಎದುರು ಗುಡುಗುತ್ತಿದ್ದ: "ಈ ಕಲ್ಲುಗಳು ಯಾಕೆ ಕೆಂಪಗಿವೆ ಗೊತ್ತೇ? ಶತ್ರುಗಳ ರಕ್ತ!"

ಅದು ಚಿರೆಕಲ್ಲು ಮಾರಾಯ. ನಮ್ಮ ಕೊಟ್ಟಿಗೆಯ ಗೋಡೆಯೂ ಅದರದ್ದೇ. ಅಲ್ಲಿ ಇದುವರೆಗೆ ಹರಿದದ್ದು ಗಂಜಲ ಮಾತ್ರ.

ನನಗೆ ಸಿಟ್ಟು ಬಂದದ್ದು ಕಲ್ಲಿನ ವಿಷಯಕ್ಕಲ್ಲ, ಆ ಕತ್ತಿಗೆ. ಈ ಕೋಟೆಯನ್ನು ಕಟ್ಟಿಸಿದಳೆನ್ನುವ ರಾಣಿಯ ಹೆಸರಿನಲ್ಲಿ ಅವನು ಅದನ್ನು ಎತ್ತಿದ್ದ. ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಆಳಿದಳು. ಪೋರ್ಚುಗೀಸರು ಅವಳನ್ನು ಕರೆದದ್ದು 'ರೈನಾ ದ ಪಿಮೆಂಟಾ' ಎಂದು, ಅಂದರೆ ಮೆಣಸಿನ ರಾಣಿ. ಅವಳ ಬಲವಿದ್ದದ್ದು ಘಟ್ಟದಿಂದ ಇಳಿದು ಹೊನ್ನಾವರ, ಭಟ್ಕಳದ ಬಂದರುಗಳಿಗೆ ಹೋಗುತ್ತಿದ್ದ ಕಾಳಿನಲ್ಲಿ. ಕಾಳುಮೆಣಸು ಬೆಳೆದವನಿಗೆ ಗೊತ್ತು, ದರ ಏರುವವರೆಗೆ ಚೀಲ ಕಟ್ಟಿಟ್ಟು ಕಾಯುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕೆಂದು. ನನಗೆ ಆ ಎದೆ ಇಲ್ಲ. ಪ್ರತಿ ವರ್ಷ ನಾನು ಮಾರಿದ ಮರುವಾರವೇ ದರ ಏರುತ್ತದೆ.

ಅಂಥ ಹೆಂಗಸಿನ ಕೈಯಿಂದ ತಕ್ಕಡಿ ಕಿತ್ತುಕೊಂಡು ಕತ್ತಿ ಹಿಡಿಸಿದರೆ ಮಾತ್ರ ನಮಗೆ ಸಮಾಧಾನ!

ಅವಳು ಯುದ್ಧ ಮಾಡಲಿಲ್ಲವೇ ಎಂದು ಕೇಳುತ್ತೀರಿ. ಮಾಡಿದಳು. 1569ರಲ್ಲಿ ಪೋರ್ಚುಗೀಸರು ಹೊನ್ನಾವರಕ್ಕೆ ನುಗ್ಗಿ ಕೋಟೆ ಹಿಡಿದರು. ಆದರೆ ಅದಾದ ಮೇಲೂ ಅವಳು ಮೂವತ್ತೇಳು ವರ್ಷ ಗದ್ದುಗೆಯಲ್ಲಿದ್ದಳಲ್ಲ, ಅದು ಹೇಗೆ? ಅದನ್ನು ಹೇಳಲು ಯಾವ ವೀಡಿಯೊಗೂ ಪುರುಸೊತ್ತಿಲ್ಲ.

ಇನ್ನೂ ಯಾರೂ ಹೇಳದ ಮಾತೆಂದರೆ, ಅವಳನ್ನು ಮುಗಿಸಿದವರು ಹಡಗಿನಲ್ಲಿ ಬಂದವರಲ್ಲ. ಕೆಳದಿಯ ವೆಂಕಟಪ್ಪ ನಾಯಕ, ಅವನ ಜೊತೆಗೆ ಬಿಳಗಿಯ ಅರಸರು. ಎಲ್ಲರೂ ಕನ್ನಡದವರೇ, ನೆರೆಹೊರೆಯವರೇ. ಮುದಿ ರಾಣಿ ಇಕ್ಕೇರಿಯ ಸೆರೆಗೆ ಹೋದಳು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಮೇಲೆ ಹಾದು ವೆಂಕಟಪ್ಪ ನಾಯಕನಲ್ಲಿಗೆ ಹೋದ. ದಾರಿಯಲ್ಲಿ ಅವನು ಕಂಡದ್ದು ಪಾಳುಬಿದ್ದು ಮರಗಿಡ ಬೆಳೆದ ಪಟ್ಟಣ. ಹದಿನೇಳೇ ವರ್ಷ! ನಮ್ಮ ತೋಟವನ್ನು ಹದಿನೇಳು ವರ್ಷ ಬಿಟ್ಟರೂ ಒಂದೆರಡು ಅಡಿಕೆ ಮರವಾದರೂ ಕಂಡೀತು. ಈಗ ಅಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ಕತ್ತಿ ಹಿಡಿದವರು ಅತ್ತ ಹೋಗುವುದಿಲ್ಲ, ಮೊಬೈಲ್ ಸಿಗ್ನಲ್ ಸರಿಯಿಲ್ಲವೇನೋ.

"ಹೀಗಾದರೂ ಹುಡುಗರು ಕೋಟೆಗೆ ಬರುತ್ತಾರಲ್ಲ, ನಿನಗೇನು ಕಷ್ಟ?" ಎಂದ ಭಾವ. ಬರಲಿ. ಜಾತ್ರೆಗೂ ಬರುತ್ತಾರೆ, ಹಾಗೆಂದು ತೊಟ್ಟಿಲು ತಿರುಗಿಸುವವನನ್ನು ಇತಿಹಾಸಕಾರ ಎನ್ನುತ್ತೇವೆಯೇ?

ಆ ಯುವಕನಿಗೆ ಇದನ್ನೆಲ್ಲ ಹೇಳಿದೆನೇ ಎಂದು ಕೇಳಬೇಡಿ. ಹೇಳಲಿಲ್ಲ. "ಅಂಕಲ್, ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಚಿತ್ರದಲ್ಲಿ ಬರುತ್ತಿದ್ದೀರಿ" ಎಂದ. ಸರಿದೆ.

ದೇವಿಮನೆ ಘಟ್ಟ ಹತ್ತುವವರೆಗೂ ನಾನು ಕೆಳದಿಯವರನ್ನು ಬೈಯುತ್ತಲೇ ಇದ್ದೆ. ಕೊನೆಗೆ ಭಾವ ತಣ್ಣಗೆ ಕೇಳಿದ: "ಅದಿರಲಿ, ನಿಮ್ಮ ಅಣ್ಣತಮ್ಮಂದಿರ ಅಗಳದ ಕೇಸು ಏನಾಯಿತು?"

ಸ್ನೇಹಿತರಿಗೆಲ್ಲ ಗೊತ್ತೇ ಇದೆ, ಬೆಟ್ಟದ ಗಡಿಯ ಆ ಅಗಳವನ್ನು ಅಣ್ಣ ಮೂರು ಮೊಳ ಈಚೆಗೆ ತೋಡಿಸಿದ್ದಾನೆ ಎಂದು ನಾನು, ನಾನೇ ಆಚೆಗೆ ತಳ್ಳಿದ್ದೇನೆ ಎಂದು ಅವನು, ಎಂಟು ವರ್ಷದಿಂದ ವಕೀಲರ ಮಕ್ಕಳ ಫೀಸು ಕಟ್ಟುತ್ತಿದ್ದೇವೆ. ಅಗಳದ ಮೇಲೆಯೇ ಒಂದು ಹಲಸಿನ ಮರ, ಅದರ ಮೇಲೊಂದು ಮೆಣಸಿನ ಬಳ್ಳಿ. ಈ ಸಲ ಅಣ್ಣ ಊರಲ್ಲಿಲ್ಲದ ದಿನ ಏಣಿ ಇಟ್ಟು ಅಷ್ಟನ್ನೂ ನಾನೇ ಕೊಯ್ದೆ. ಒಣಗಿದ ಮೇಲೆ ಆರು ಕಿಲೋ ತೂಗಿತು.

ಅಣ್ಣ ಫೇಸ್‌ಬುಕ್‌ನಲ್ಲಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆದೆ. ಅತ್ತಿಗೆ ಇದ್ದಾಳೆ ಎಂಬುದು ಈಗ ನೆನಪಾಯಿತು.